ಗುಡ್ಡ ಹತ್ತಿಸುವವರು

ಗುಡ್ಡದ ಈಚೆ ನಮ್ಮ ಲಿಂಡ್‌ಹೌಸೆನ್, ಆಚೆ ಓಬರ್‌ಫೆಲ್. ಎರಡೂರಿಗೂ ಸೇರಿ ಒಂದೇ ಚರ್ಚು, ಒಂದೇ ಸ್ಮಶಾನ, ಗುಡ್ಡದ ನೆತ್ತಿಯ ಮೇಲೆ. ಯಾರಾದರೂ ಸತ್ತರೆ ಪಕ್ಕದ ಮನೆಯವರು ಸುತ್ತಲಿನ ಬಾಗಿಲು ತಟ್ಟಬೇಕು. ಆರು ಮನೆಗಳಿಂದ ಒಬ್ಬೊಬ್ಬ ಗಂಡಸು ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟು ಗುಡ್ಡ ಹತ್ತಿಸಬೇಕು. ಅದಿಲ್ಲದೆ ಮೇಲೆ ಹೋದವನನ್ನು ಊರು ಕೈಬಿಟ್ಟಿತು ಎಂದೇ ಲೆಕ್ಕ.

ಓಟ್ಮಾರ್ ಸತ್ತಾಗ ಪಕ್ಕದ ಮನೆಯವನು ನಾನೇ.

ಅವನ ಮೇಲೆ ನನಗೆ ಸಿಟ್ಟಿತ್ತು, ಮುಚ್ಚಿಡುವುದೇನು. ಗುಡ್ಡದ ಮೇಲಿನ ಹೊಲವನ್ನು ಗಾಳಿಯಂತ್ರದವರಿಗೆ ಕೊಟ್ಟಿದ್ದ. ಅಂದಿನಿಂದ ಸಂಜೆಯಾದರೆ ಆ ಹಾಳು ರೆಕ್ಕೆಗಳ ನೆರಳು ನನ್ನ ಅಡುಗೆಮನೆಯ ಗೋಡೆ ಮೇಲೆ ಸುತ್ತುತ್ತದೆ. ಮೂರು ವರ್ಷ ಅವನೊಂದಿಗೆ ಮಾತು ಬಿಟ್ಟಿದ್ದೆ. ಇದೇ ಓಟ್ಮಾರ್ ಮೊಣಕಾಲುದ್ದದ ಹಿಮದಲ್ಲಿ ನನ್ನ ಹೆಂಡತಿಯ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದ್ದ. ಅದನ್ನು ಬೇಕೆಂದೇ ಮರೆತಿದ್ದೆ.

ಅವನ ಹೆಂಡತಿ ಎಲ್ಫ್ರೀಡೆ ಬಾಗಿಲಿಗೆ ಬಂದಳು.

"ಹಾರ್ಟ್‌ವಿಗ್, ಗುರುವಾರ ಹನ್ನೊಂದಕ್ಕೆ. ಎಲ್ಲರಿಗೂ ಹೇಳ್ತೀಯಲ್ಲ?"

"ಹೇಳ್ತೀನಿ. ನಂಗೆ ಮಾತ್ರ ಸೊಂಟ ಹಿಡ್ಕೊಂಡಿದೆ."

"ನಿನ್ನೆ ಸೌದೆ ಒಡೀತಿದ್ಯಲ್ಲ?"

"ಅದಕ್ಕೇ ಹಿಡ್ಕೊಂಡಿದ್ದು."

ಅವಳು ಹೊರಟಳು.

ಉಳಿದ ಐದು ಮನೆಗೂ ಹೋಗಿ ಹೇಳಿದೆ. ಕೊನೆಗೆ "ನಾನಂತೂ ಬರಲ್ಲಪ್ಪ" ಎಂದೂ ಸೇರಿಸಿದೆ. ಎದುರು ಮನೆಯ ಡೀಟ್‌ಲೀಬ್ ನಕ್ಕ. "ಆ ಗಾಳಿಯಂತ್ರವೇ ಎತ್ಕೊಂಡು ಹೋಗ್ಲಿ ಬಿಡು!" ನಾನೂ ನಕ್ಕೆ. ಆದರೂ ಐವರೂ ಹೋಗುತ್ತಾರೆ, ಆರನೆಯವನಾಗಿ ಯಾರಾದರೂ ಸಿಗುತ್ತಾರೆ ಅಂದುಕೊಂಡಿದ್ದೆ. ನಾನಿಲ್ಲದ್ದು ಅವಳಿಗೆ ಚುಚ್ಚಬೇಕಿತ್ತು, ಅಷ್ಟೇ.

ಗುರುವಾರ ಗಂಟೆ ಹೊಡೆಯಿತು. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಪೆಟ್ಟಿಗೆ, ಎಲ್ಫ್ರೀಡೆ, ಪಾದ್ರಿ, ಪೆಟ್ಟಿಗೆ ಮಾಡಿದ ಬಡಗಿ. ಇನ್ನೊಬ್ಬರಿಲ್ಲ. ಎದುರು ಮನೆಗಳಲ್ಲಿ ಪರದೆಗಳು ಅಲ್ಲಾಡುತ್ತಿದ್ದವು. ಒಬ್ಬೊಬ್ಬನೂ ಉಳಿದವರು ಹೋಗುತ್ತಾರೆಂದು ಮನೆಯಲ್ಲೇ ಉಳಿದಿದ್ದ.

ಕಾಲು ಗಂಟೆ ಕಾದು, ಅವಳು ಆಲೂಗಡ್ಡೆ ಸಾಗಿಸುವ ಕೈಗಾಡಿಯನ್ನು ಎಳೆದು ತಂದಳು. ಮೂವರೂ ಸೇರಿ ಪೆಟ್ಟಿಗೆಯನ್ನು ಅದರ ಮೇಲಿಟ್ಟರು.

ನಾಚಿಕೆಯಾಯಿತು. ಮನೆ ಚಪ್ಪಲಿಯಲ್ಲೇ ಓಡಿ ಹೋಗಿ ಗಾಡಿಯ ಹಿಡಿಗೆ ಕೈ ಹಾಕಿದೆ. ಎಲ್ಫ್ರೀಡೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಸೊಂಟ ನೋಯುತ್ತೆ, ಹಾರ್ಟ್‌ವಿಗ್. ಒಳಗೆ ಹೋಗು."

ಗಾಡಿ ಕಲ್ಲುರಸ್ತೆಯಲ್ಲಿ ಗಡಗಡ ಸದ್ದು ಮಾಡುತ್ತ ಗುಡ್ಡ ಹತ್ತಿತು.

ಈಗ ನನಗೆ ಎಪ್ಪತ್ತೆಂಟು. ಪಕ್ಕದ ಮನೆಯಲ್ಲಿ ಎಲ್ಫ್ರೀಡೆ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ನಾನು ಸತ್ತ ದಿನ ಬಾಗಿಲು ಬಾಗಿಲು ತಟ್ಟಬೇಕಾದವಳು ಅವಳೇ. ತಟ್ಟಿ, ಆರು ಹೆಗಲೂ ಕೂಡಿಸದೆ ಬಿಡುವವಳಲ್ಲ, ಅದು ನನಗೆ ಗೊತ್ತು. ಅದನ್ನೇ ನೆನೆದರೆ ನನಗೆ ಸಾಯಲೂ ಧೈರ್ಯ ಬರುವುದಿಲ್ಲ.