ಸಾನಪಾಡಾಕ್ಕೆ ಬಂದ ಆಂಬುಲೆನ್ಸ್

ಕಶ್ಯಪನಿಗೆ ಬುದ್ಧಿ ಇಲ್ಲವೆಂದು ಅವನ ಆಫೀಸಿನ ವಾರಿಜಾ ಎಂದೂ ಹೇಳಿದವಳಲ್ಲ. ಬುದ್ಧಿ ಇತ್ತು, ಅಷ್ಟನ್ನೂ ಅವನು ದೊಡ್ಡಸ್ತಿಕೆಗೇ ಖರ್ಚು ಮಾಡುತ್ತಿದ್ದ. ಅವನ ಮಾವ ಪುಂಡರೀಕಾಕ್ಷರು ಹೋಟೆಲುಗಳಿಗೆ ಸಾಂಬಾರು ಪುಡಿ ಮಾರಿ ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಕಂಪನಿಗೆ ಅಳಿಯ ಬಂದು ಮಾಡಿದ ಮೊದಲ ಘನಕಾರ್ಯವೆಂದರೆ ಇಂಟರ್ನೆಟ್ ಫೋನು ಹಾಕಿಸಿದ್ದು. ಘಣಸೋಲಿ, ಖಾರಘರ, ಡೊಂಬಿವಲಿ, ಯಾವ ಶಾಖೆಯಿಂದ ಮಾತಾಡಿದರೂ ನವಿ ಮುಂಬಯಿಯ ಸಾನಪಾಡಾ ಹೆಡ್ ಆಫೀಸಿನ ನಂಬರೇ ಕಾಣಬೇಕು.

"ಡೊಂಬಿವಲಿ ಅಂತ ಕಂಡ್ರೆ ಪಾರ್ಟಿ ನಮ್ಮನ್ನು ಚಿಲ್ಲರೆ ಅಂದ್ಕೊಳ್ತಾನೆ ಮೇಡಂ. ಇಮೇಜ್ ಕಾ ಸವಾಲ್ ಹೈ" ಎಂದಿದ್ದ ವಾರಿಜಾಳಿಗೆ.

ಪ್ರತಿ ಫೋನಿನಲ್ಲೂ ಒಂದು ಕೆಂಪು ಗುಂಡಿ. ಒತ್ತಿದರೆ ಸಾಕು, ಮಾತೇ ಬೇಡ, ಬರೆಸಿಟ್ಟ ವಿಳಾಸಕ್ಕೆ ಆಂಬುಲೆನ್ಸ್ ಹೊರಡುತ್ತದೆ. ಫಾರಮ್ಮಿನಲ್ಲಿ ಒಂದೊಂದು ಶಾಖೆಗೂ ಬೇರೆ ವಿಳಾಸ ಕೇಳಿದ್ದರು. ಅದನ್ನು ತುಂಬಿದವಳು ಫೋನುಗಳ ಉಸ್ತುವಾರಿಯ ವಾರಿಜಾ. ಅಲ್ಲೂ ಎಲ್ಲದಕ್ಕೂ ಸಾನಪಾಡಾವೇ ಇರಲಿ ಎಂದ ಕಶ್ಯಪ.

"ಅಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಗಾಡಿ ಇಲ್ಲಿಗೆ ಬಂದು ಎಂತ ಮಾಡ್ಲಿಕ್ಕುಂಟು?" ಎಂದು ಅವಳು ಒಂದು ಸಲ ಕೇಳಿದಳು. ಅವನು ನಕ್ಕ. ದಡ್ಡ ಶಿಖಾಮಣಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಅವಳು ಹಾಗೆಯೇ ತುಂಬಿದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಆಂಬುಲೆನ್ಸು ಸಾನಪಾಡಾದ ಬಾಗಿಲಿಗೆ ಬಂತು. ಒತ್ತಿದ ಒಂಬತ್ತೇ ನಿಮಿಷಕ್ಕೆ ಬಂದಿದ್ದೇವೆ ಎಂದರು ಅದರವರು.

"ಸಿಸ್ಟಮ್ ಅಂದ್ರೆ ಇದು!" ಎಂದು ಕಶ್ಯಪ ಎದೆಯುಬ್ಬಿಸಿದ.

"ಪೇಷಂಟ್ ಕುಠೆ ಆಹೆ?" ಎಂದು ರೋಗಿ ಎಲ್ಲೆಂದು ಮರಾಠಿಯಲ್ಲಿ ಕೇಳಿದರು ಸ್ಟ್ರೆಚರು ಹಿಡಿದವರು.

ಯಾರೋ ಕಾಯಿಲೆಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಾರೆ ಎಂಬಂತೆ ಕಶ್ಯಪ ಸುತ್ತ ನೋಡಿದ. ವಾರಿಜಾ ಪರದೆ ನೋಡಿದಳು. ಗುಂಡಿ ಒತ್ತಿದ್ದು ಇಪ್ಪತ್ತು ಕಿಲೋಮೀಟರಾಚೆಯ ಡೊಂಬಿವಲಿಯಲ್ಲಿ. ಅವಳು ಕೂಡಲೇ ಅಲ್ಲಿಗೆ ಫೋನು ಮಾಡಿದಳು.

ಅಲ್ಲಿ ಫೋನೆತ್ತಿದ್ದು ಬಿಲ್ಲು ಬರೆಯುವ ಪುಷ್ಪಾವತಿ. "ಕಮಲಾಕ್ಷಣ್ಣ ಕುರ್ಚಿಯಿಂದ ಬಿದ್ರು ಅಕ್ಕ, ಬಾಯಿ ಸೊಟ್ಟ ಆಗಿದೆ. ಗಾಡಿ ಹೊರಟಿದೆ ಅಂತ ಫೋನಲ್ಲಿ ಬಂತು. ಕಾಯ್ತಾ ಇದ್ದೇವೆ."

"ಕಾಯ್ಬೇಡಿ! ರಿಕ್ಷಾದಲ್ಲಿ ಹಾಕಿ ಕರ್ಕೊಂಡು ಹೋಗಿ, ಈಗಲೇ!"

"ಯಾಕೆ ರಿಕ್ಷಾ? ಈ ಗಾಡಿಯನ್ನೇ ಕಳಿಸುವ, ಬಂದೇ ಬಿಟ್ಟಿದೆಯಲ್ಲ!" ಎಂದು ಕಶ್ಯಪ ಫೋನು ಕಸಿದುಕೊಂಡು, ಅಲ್ಲಿಯೇ ಕಾಯಿರಿ ಎಂದು ಅಪ್ಪಣೆ ಕೊಟ್ಟ. ಹೊತ್ತೇರಿದ ಮೇಲೆ ಡೊಂಬಿವಲಿ ದಾರಿಯ ಶಿಳ್ ಫಾಟಾದ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸೂ ಒಂದೇ, ಟೆಂಪೋವೂ ಒಂದೇ ಎಂದು ಎಸಿ ಕಾರಿನಲ್ಲಿ ಮಲಗಿ ಓಡಾಡುವವನಿಗೆ ಹೇಗೆ ತಿಳಿಯಬೇಕು? ಗಾಡಿ ಅಲ್ಲಿ ಸಿಕ್ಕಿಬಿತ್ತು. ಮುಕ್ಕಾಲು ಗಂಟೆ ಕಾದು, ಡೊಂಬಿವಲಿ ಶಾಖೆಯ ಹೊರೆಯಾಳು ಅಂಗಾರ ಯಾರ ಅಪ್ಪಣೆಯನ್ನೂ ಕೇಳದೆ ಕಮಲಾಕ್ಷನನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದ.

ಜೀವ ಉಳಿಯಿತು. ಬಲಗೈಯೂ ಮಾತೂ ಹೋದವು. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು.

ಸಂಜೆ ಆಸ್ಪತ್ರೆಯಲ್ಲಿ ಕಮಲಾಕ್ಷನ ಹೆಂಡತಿ ಶರ್ಮಿಳಾ ಕಶ್ಯಪನಿಗೆ ಕೈ ಮುಗಿದಳು. "ಆಂಬುಲೆನ್ಸಿನ ವ್ಯವಸ್ಥೆ ನೀವು ಮಾಡಿಟ್ಟದ್ದಂತೆ. ನಿಮ್ಮಿಂದ ಇವರು ಉಳಿದ್ರು."

ಅವನು ನಾಚಲಿಲ್ಲ. "ಅದು ನಮ್ಮ ಡ್ಯೂಟಿ" ಎಂದು ಗಂಭೀರವಾಗಿ ತಲೆದೂಗಿದ. ಇಂಥವನ ಎದುರು ಆರು ವರ್ಷ ಹೂಂ ಎಂದುಕೊಂಡು ಕೂತೆನಲ್ಲ ಎಂದು ವಾರಿಜಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಇವರಿಗೆ ಕೈ ಮುಗೀಬೇಡ ಶರ್ಮಿಳಾ. ಗಾಡಿ ಬಂದದ್ದು ನಮ್ಮ ಆಫೀಸಿಗೆ. ನಿನ್ನ ಗಂಡನನ್ನು ಹೊತ್ತು ತಂದದ್ದು ಅಂಗಾರ. ಸಾನಪಾಡಾದ ವಿಳಾಸ ಹಾಕ್ಲಿಕ್ಕೆ ಹೇಳಿದ್ದು ಇವರು. ಬರೆದದ್ದು ನಾನು."

"ಮೇಡಂ, ಸೋಚ್ ಕೆ ಬೋಲೋ" ಎಂದು ಎಚ್ಚರಿಸಿದ ಕಶ್ಯಪ.

ಶರ್ಮಿಳಾ ಮುಗಿದ ಕೈ ಇಳಿಸಿದಳು. ಕಶ್ಯಪನತ್ತ ಅವಳು ನೋಡಲೇ ಇಲ್ಲ. ವಾರಿಜಾಳನ್ನೇ ನೋಡುತ್ತ ಕೇಳಿದಳು:

"ಹೀಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ ಅಕ್ಕ?"