ಬೋರಲು ಹಾಕದ ಕ್ಯಾನು

ಹಾಲಿನವಳು ಆ ಪ್ರವಾಸಿಯನ್ನು ಬಸ್ಸಿನ ಮೆಟ್ಟಿಲಲ್ಲೇ ಗುರುತು ಹಿಡಿದಳು. ಹನ್ನೊಂದು ವರ್ಷದಲ್ಲಿ ತಲೆ ಬೋಳಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು. ಆದರೆ ಕುತ್ತಿಗೆಯ ಕ್ಯಾಮೆರಾ, ಕೈಯ ಪುಟ್ಟ ಪುಸ್ತಕ, ಊರನ್ನೆಲ್ಲ ತಾನೇ ಹೆತ್ತವನಂತೆ ನಗುವ ಆ ನಗು, ಎಲ್ಲ ಹಾಗೇ ಇದ್ದವು. ಅವನಿಗೆ ಮಾತ್ರ ಅವಳ ಗುರುತು ಸಿಗಲಿಲ್ಲ. ಪರದೇಶದಿಂದ ಬಂದು ಮೂರು ದಿನ ಉಳಿದು ಪುಸ್ತಕ ಬರೆಯುವವರಿಗೆ ಹಳ್ಳಿಯ ಹೆಂಗಸರೆಲ್ಲ ಒಂದೇ.

ಹಿಂದೆ ಅವನು ಬರೆದ ಒಂದೇ ಒಂದು ಸಾಲು ಅವಳ ಅಮ್ಮನ ಮಾನ ಮೂರಾಬಟ್ಟೆ ಮಾಡಿತ್ತು. ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದ ಅಮ್ಮನ ಫೋಟೊ. ಕೆಳಗೆ, ‘ಇಲ್ಲಿಯವರು ಹಾಲಿಗೆ ನೀರು ಬೆರೆಸುವುದನ್ನು ಮುಚ್ಚಿಡುವುದೂ ಇಲ್ಲ’ ಎಂಬ ತಮಾಷೆ. ಪೇಟೆಯ ಪತ್ರಿಕೆಯೊಂದು ಅದನ್ನು ಊರಿನ ಭಾಷೆಯಲ್ಲಿ ಹಾಕಿತು. ಅಚ್ಚಾದದ್ದು ಸುಳ್ಳಾಗುತ್ತದೆಯೇ? ಡೇರಿಯ ಗೋಡೆಯಲ್ಲಿ ಒಂದು ಕರಿಹಲಗೆ ಇದೆ. ನೀರು ಬೆರೆಸಿದವರ ಹೆಸರು ಅದರ ಮೇಲೆ ಬರುತ್ತದೆ. “ತೊಳೆದಿದ್ದು ಅಷ್ಟೇ ಕಣಪ್ಪಾ” ಎಂದು ಅಮ್ಮ ಎಲ್ಲರೆದುರು ಗೋಗರೆದರೂ ಅವಳ ಹೆಸರು ಬಂತು. ಅಂದಿನಿಂದ ಅಮ್ಮ ಡೇರಿಯ ಮೆಟ್ಟಿಲು ಹತ್ತಿಲ್ಲ.

“ನಿಮ್ಮ ದಿನನಿತ್ಯದ ಬದುಕು ನೋಡ್ಬೇಕು ಅಂತ ಬಂದೆ,” ಎಂದ ಪ್ರವಾಸಿ.

“ನೋಡೋದೇನು ಬಂತು ಸಾರ್, ಮಾಡೇ ಬಿಡಿ. ನಾಳೆ ಬೆಳಿಗ್ಗೆ ನೀವೇ ಹಾಲು ಕರೆದು, ನೀವೇ ಡೇರಿಗೆ ತಗೊಂಡು ಹೋಗಿ.” ಅವನು ಹಿರಿಹಿರಿ ಹಿಗ್ಗಿದ.

ಬೆಳಿಗ್ಗೆ ನಲ್ಲಿಯ ಹತ್ತಿರ ಕ್ಯಾನನ್ನು ತಾನೇ ಉಜ್ಜಿ ತೊಳೆದ. “ಶುಚಿ ಮುಖ್ಯ, ಅಲ್ವಾ?” ಎಂದು ಅವಳಿಗೇ ಬುದ್ಧಿ ಹೇಳಿದ. ಆ ಕ್ಯಾನಿಗೆ ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ತೊಳೆದ ಮೇಲೆ ಅದನ್ನು ಕಲ್ಲಿನ ಮೇಲೆ ಬೋರಲು ಹಾಕಬೇಕು. ಇಲ್ಲದಿದ್ದರೆ ತಳದಲ್ಲಿ ಅರ್ಧ ಚೊಂಬು ನೀರು ಉಳಿಯುತ್ತದೆ, ಮೇಲಿಂದ ಕಾಣುವುದಿಲ್ಲ. ಊರಿನ ಪುಟ್ಟ ಮಕ್ಕಳಿಗೂ ಗೊತ್ತಿರುವ ಮಾತು. ಅವನು ಕ್ಯಾನನ್ನು ನೆಟ್ಟಗೆ ನಿಲ್ಲಿಸಿ, ತನ್ನ ಪುಸ್ತಕ ತೆಗೆದು ಏನೋ ಗೀಚಿದ. ಹೇಳಬೇಕಾದ ಮಾತು ಅವಳ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

ಹಾಲು ಕರೆಯುವಾಗ ಹಸು ಎರಡು ಸಲ ಬಾಲದಿಂದ ಅವನ ಕೆನ್ನೆಗೆ ಬಾರಿಸಿತು. ಹಸುವಿಗೂ ಗೊತ್ತಿರಬೇಕು ಎಂದುಕೊಂಡಳು.

ಡೇರಿಯಲ್ಲಿ ಸಾಲು ಉದ್ದವಿತ್ತು. ಹಾಲು ಅಳೆಯುವವನು ಗಾಜಿನ ಕಡ್ಡಿ ಇಳಿಬಿಟ್ಟು ನೋಡಿದ. ಇನ್ನೊಮ್ಮೆ ನೋಡಿದ.

“ನೀರು ಬೆರೆಸಿದ್ದೀರಿ.”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಪ್ರವಾಸಿಯ ಬೋಳುತಲೆ ಕೆಂಪಾಯಿತು. “ತೊಳೆದಿದ್ದು ಅಷ್ಟೇ!” ಎಂದು ಕೂಗಿದ. ಅದೇ ಮಾತು, ಅದೇ ಜಾಗ. ಅವನು ಅವಳ ಕಡೆ ತಿರುಗಿದ. “ನೀವಾದ್ರೂ ಹೇಳಿ! ನೀವು ನೋಡಿದ್ರಲ್ಲ!”

“ನಾನು ನೋಡಿದ್ದು, ನೀವು ನಲ್ಲಿ ಹತ್ರ ಕ್ಯಾನು ಹಿಡ್ಕೊಂಡು ನಿಂತಿದ್ದನ್ನ ಸಾರ್. ಅಷ್ಟೇ.” ಎಂದು ಚೀಲದಿಂದ ಹಳದಿಗಟ್ಟಿದ ಪತ್ರಿಕೆಯ ತುಂಡು ತೆಗೆದು ಅವನ ಕೈಗಿಟ್ಟಳು.

ಅವನು ಫೋಟೊ ನೋಡಿದ, ಅವಳ ಮುಖ ನೋಡಿದ. ಅಷ್ಟರಲ್ಲಿ ಕರಿಹಲಗೆಯ ಮೇಲೆ ‘ಪರದೇಶದ ಪ್ರವಾಸಿ’ ಎಂದು ದಪ್ಪಕ್ಷರದಲ್ಲಿ ಬಂದಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಒಂದೂ ಬಿಡದೆ ಹೇಳಿದಳು. ಅಮ್ಮ ಬೈಯುತ್ತಾಳೆ ಎಂದು ಹೆದರಿಕೆಯೂ ಇತ್ತು.

“ಹಾಲು ಏನ್ಮಾಡಿದ್ರು?”

“ಚರಂಡಿಗೆ ಸುರಿದ್ರು ಅಮ್ಮ.”

“ಅಯ್ಯೋ, ಬಂಗಾರದಂಥ ಹಾಲು.” ಅಮ್ಮ ಖಾಲಿ ಕ್ಯಾನನ್ನು ಎಳೆದುಕೊಂಡು ತೊಳೆಯತೊಡಗಿದಳು. “ಹೆಸರು ಎಷ್ಟು ದಿನ ಇರುತ್ತಂತೆ?”

“ಒಂದು ವಾರ.”

ಅಮ್ಮ ಕ್ಯಾನನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಕೊನೆಯ ಹನಿ ಇಳಿಯುವವರೆಗೂ ನೋಡಿದಳು.

“ನನ್ನದು ಹದಿನೈದು ದಿನ ಇತ್ತು ಕಣೇ,” ಎಂದಳು. “ಹೋಗಿ ಡೇರಿಯವರಿಗೆ ಹೇಳಿ ಬಾ.”