ವಾಲಿದ ಗೋಡೆ

ಹಲ್ಲಿನ ಡಾಕ್ಟರಾಗಲು ಬಂದವಳು ಬೇಕೆಂದೇ ಹಲ್ಲು ಕೆಡಿಸುತ್ತಿದ್ದಾಳೆ ಎಂದರೆ ಯಾರಿಗಾದರೂ ನಗು ಬಂದೀತು. ಆ ಇಂಟರ್ನ್ ಹುಡುಗಿ ಮಾಡುತ್ತಿದ್ದದ್ದು ಅದನ್ನೇ. ಅಭ್ಯಾಸಕ್ಕೆಂದು ಕೊಟ್ಟ ಪ್ಲಾಸ್ಟಿಕ್ ಹಲ್ಲಿನಲ್ಲಿ ಚೊಕ್ಕವಾಗಿ ಕುಳಿ ಕೊರೆಯುವಳು. ಕೊನೆಗೆ ಡ್ರಿಲ್ ಒಂಚೂರು ಓರೆ ಮಾಡಿ ಕುಳಿಯ ಒಂದು ಗೋಡೆ ವಾಲಿಸಿ, ಫೋಟೋ ತೆಗೆದು ತರಬೇತಿಯ ಆ್ಯಪಿಗೆ ಹಾಕುವಳು.

ಫೋಟೋ ನೋಡುತ್ತಿದ್ದದ್ದು ಬೇರೆ ಊರಿನ ಒಬ್ಬ ಮೇಡಂ. ಅವರ ಮುಖ ಇವಳು ಕಂಡಿಲ್ಲ. ಕೆಲಸ ಸರಿಯಿದ್ದರೆ ಹಸಿರು ಟಿಕ್, ಅಲ್ಲಿಗೆ ಪಾಠ ಮುಗಿದು ಮಾತೆಲ್ಲ ಅಳಿಸಿಹೋಗುತ್ತದೆ. ತಪ್ಪಿದ್ದರೆ ಅವರ ದನಿ ಬರುತ್ತದೆ. ಇದು ಕಡೆಯ ಪಾಠ.

"ಗೋಡೆ ವಾಲಿದೆ ನೋಡು ಮಗಳೇ. ಅವಸರ ಇಲ್ಲ, ಕೈ ಸಡಿಲ ಬಿಡು."

ಅಮ್ಮ ತೀರಿಕೊಂಡ ಮೇಲೆ ಅವಳನ್ನು ಯಾರೂ ಮಗಳೇ ಎಂದಿರಲಿಲ್ಲ. ಅಪ್ಪ ಒಳ್ಳೆಯವನೇ, ಮಾತಿಗೆ ಮಾತ್ರ ಬರಗಾಲ. ಫೋನಿನಲ್ಲಿ "ಊಟ ಆಯ್ತಾ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಸರಿ, ಇಡ್ಲಾ?" ಎನ್ನುವ ಆಸಾಮಿ. ಮಗಳೇ ಎಂಬ ಆ ಒಂದು ಪದಕ್ಕೆ ಅವಳ ಜೀವ ಹಾತೊರೆಯುತ್ತಿತ್ತು.

"ಯಾರೇ ಅವ್ನು, ಹಗಲೂ ರಾತ್ರಿ ಕಿವೀಲೇ ಇರ್ತಾನೆ?" ಅವಳ ಇಯರ್‌ಫೋನ್ ನೋಡಿ ರೂಮಿನ ಗೆಳತಿ ಕೆಣಕಿದಳು.

"ಅವ್ನಲ್ಲ. ಪಾಠ."

"ಪಾಠಕ್ಕೆ ಯಾರಾದ್ರೂ ಕಣ್ಣೀರು ಹಾಕ್ತಾರೇನೇ? ಸೋಮವಾರದೊಳಗೆ ಟಿಕ್ ಬೀಳ್ದಿದ್ರೆ ರೋಗಿಗಳನ್ನ ಮುಟ್ಟೋ ಹಾಗಿಲ್ಲ. ಮುಂದಿನ ಬ್ಯಾಚಿನ ಜೊತೆ ಕೂತ್ಕೋಬೇಕು, ನೆನಪಿರ್ಲಿ."

ನೆನಪಿತ್ತು. ಆದರೂ ಮತ್ತೆ ವಾಲಿಸಿದಳು.

ಈ ಸಲ ದನಿ ಬರಲು ತಡವಾಯಿತು.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ ಮಗಳೇ? ಕೆಲ್ಸ ಬರದೇ ಇರೋರು ಎಲ್ಲಾ ಕಡೆ ತಪ್ಪು ಮಾಡ್ತಾರೆ. ನಿಂದು ಪ್ರತಿ ಸಲ ಅದೇ ಗೋಡೆ, ಅಷ್ಟೇ ವಾಲು. ಮಿಕ್ಕಿದ್ದೆಲ್ಲ ಕನ್ನಡಿ ಹಾಗೆ ನುಣುಪು. ನಂಗೆ ಯಾವತ್ತೋ ಗೊತ್ತಾಗಿತ್ತು. ಹೇಳ್ಲಿಲ್ಲ. ಮಗಳೇ ಅಂತ ಕರೆಯೋಕೆ ನಂಗೂ ಈಗ ಯಾರೂ ಇಲ್ಲ. ಆದ್ರೆ ಅಲ್ಲಿ ನೋವು ತಿನ್ಕೊಂಡು ಕೂತಿರೋ ರೋಗಿಗಳು ನಮ್ಮಿಬ್ಬರ ಆಸೆಗೆ ಕಾಯ್ಬೇಕಾ? ನಾಳೆ ಸರಿಯಾಗಿ ಮಾಡಿ ಹಾಕು."

ಮರುದಿನ ನಾಲ್ಕೂ ಗೋಡೆ ನೆಟ್ಟಗೆ ನಿಂತವು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಿದ್ದಳು. ಅಮ್ಮನನ್ನು ಎರಡನೇ ಸಲ ತಾನೇ ಕಳಿಸಿಕೊಡುತ್ತಿದ್ದೇನೆ ಅನ್ನಿಸಿತು. ಕೊನೆಗೂ ಒತ್ತಿದಳು. ಹಸಿರು ಟಿಕ್ ಬಿತ್ತು. ದನಿಗಳಿದ್ದ ಜಾಗ ಖಾಲಿಯಾಯಿತು. ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಸೋಮವಾರ ಮೊದಲ ರೋಗಿಯಾಗಿ ಬಂದದ್ದು ಶಾಲೆಯ ಸಮವಸ್ತ್ರದಲ್ಲಿದ್ದ ಒಬ್ಬ ಹುಡುಗಿ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು, ತುಟಿ ಬಿಗಿದು ಕೂತಿದ್ದಳು. ಜೊತೆಗೆ ಬಂದವರು ಗದರಿದರೂ ಬಾಯಿ ಬಿಡಲಿಲ್ಲ.

ಇಂಟರ್ನ್ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಅವಸರ ಇಲ್ಲ ಮಗಳೇ," ಎಂದಳು. "ಕೈ ಸಡಿಲ ಬಿಡು."

ಹುಡುಗಿ ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಬಾಯಿ ತೆರೆದಳು.